ಹತ್ತರಲ್ಲಿ ಒಂದು ಬೆರಳು

ನಮ್ಮ ಲ್ಯಾಬಿನಲ್ಲಿ ಆಸಿಡ್ ಮುಟ್ಟುವ ಕೆಲಸವನ್ನು ಯಾರೂ ಒಬ್ಬರೇ ಮಾಡುವಂತಿಲ್ಲ. ಒಬ್ಬರು ಮಾಡಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ನೋಡುವವರು ಫೋನ್ ಮುಟ್ಟಬಾರದು, ಬೇರೆ ಕೆಲಸ ಹಿಡಿದುಕೊಳ್ಳಬಾರದು, ಸುಮ್ಮನೆ ನೋಡಬೇಕು ಅಷ್ಟೆ. ಆ ಮಧ್ಯಾಹ್ನ ಮಾಡುವವಳು ನನ್ನ ಗೆಳತಿ, ನೋಡುವವಳು ನಾನು. ಇಡೀ ಹೊತ್ತು ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಆದರೂ ಆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಬೀಳುವಂಥದ್ದು ಅಲ್ಲಿ ಏನೂ ಇರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಆದರೆ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಹಲ್ಲುಜ್ಜುವಾಗ ಆ ಕೈ ಈಗಲೂ ಕಣ್ಣ ಮುಂದೆ ಬರುತ್ತದೆ. ನಾನು ಮತ್ತೆ ನೋಡುತ್ತೇನೆ. ಮತ್ತೆ ಏನೂ ಕಾಣುವುದಿಲ್ಲ.

ಲ್ಯಾಬು ಇರುವುದು ಜಾಲಹಳ್ಳಿಯಲ್ಲಿ, ಹಳೇ ಕಾರ್ಖಾನೆಗಳ ಕ್ವಾರ್ಟರ್ಸ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಕಟ್ಟಡದಲ್ಲಿ. ಹೊರಗಿನಿಂದ ನೋಡಿದರೆ ಯಾರೋ ಗೋಡೌನ್ ಕಟ್ಟಿ ಬಣ್ಣ ಬಳಿಯಲು ಮರೆತ ಹಾಗಿದೆ. ಒಳಗೆ ಮಾತ್ರ ಧೂಳಿನ ಒಂದು ಕಣಕ್ಕೂ ಜಾಗವಿಲ್ಲ. ಕ್ಲೀನ್ ರೂಮಿಗೆ ಹೋಗುವ ಮೊದಲು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟುಕೊಂಡು, ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿಕೊಳ್ಳುತ್ತೇವೆ. ಪೌಡರ್ ಹಾಕುವಂತಿಲ್ಲ, ಕುಂಕುಮ ಇಡುವಂತಿಲ್ಲ, ಹೂ ಮುಡಿಯುವಂತಿಲ್ಲ.

ನಾವು ಮಾಡುವ ಕೆಲಸವನ್ನು ಮನೆಯಲ್ಲಿ ವಿವರಿಸಲು ನನಗೆ ಮತ್ತಿಕೆರೆಯ ನಮ್ಮ ಬೀದಿಯೇ ಸಾಕು. ನಾನು ಚಿಕ್ಕವಳಾಗಿದ್ದಾಗ ಇಲ್ಲಿಯ ಮನೆಗಳೆಲ್ಲ ನೆಲಕ್ಕಂಟಿಕೊಂಡಿದ್ದವು. ಆಗ ಚಿಪ್ಪಿನೊಳಗೆ ಕರೆಂಟನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರುಗಳೂ ಹಾಗೇ ಇದ್ದವು. ಕೆಳಗೆ ಕರೆಂಟು ಹರಿಯುವ ಒಂದು ಕಾಲುವೆ, ಮೇಲೆ ಅದನ್ನು ಒತ್ತಿ ನಿಲ್ಲಿಸುವ ಒಂದು ಗೇಟು. ಚಿಕ್ಕದು ಮಾಡುತ್ತ ಮಾಡುತ್ತ ಹೋದಂತೆ ಗೇಟು ಎಷ್ಟು ಒತ್ತಿದರೂ ಕೆಳಗಿನಿಂದ ಕರೆಂಟು ಸೋರತೊಡಗಿತು. ಗಿಡಕ್ಕೆ ನೀರು ಬಿಡುವ ಪೈಪನ್ನು ಒಂದೇ ಹೆಬ್ಬೆರಳಿನಿಂದ ಒತ್ತಿದರೆ ನೀರು ನಿಲ್ಲುತ್ತದೆಯೇ? ಹಾಗಾಗಿ ಕಾಲುವೆಯನ್ನೇ ಗೋಡೆಯಂತೆ ಎಬ್ಬಿಸಿ ನಿಲ್ಲಿಸಿ, ಮೂರು ಕಡೆಯಿಂದ ಹಿಡಿದರು. ಈಗ ಅದೂ ಸಾಲದಾಗಿದೆ. ಕಾಲುವೆಯನ್ನು ತೆಳು ಹಾಳೆಗಳಾಗಿ ಒಂದರ ಮೇಲೊಂದು ಪೇರಿಸಿ, ಒಂದೊಂದು ಹಾಳೆಯ ಸುತ್ತಲೂ ಗೇಟನ್ನು ಸುತ್ತಿಬಿಟ್ಟಿದ್ದಾರೆ, ಪೈಪನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ನಮ್ಮ ಬೀದಿಯೂ ಅದೇ ದಾರಿ ಹಿಡಿಯಿತು. ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡಲು ರೂಮಿನ ಮೇಲೆ ರೂಮು, ಅದರ ಮೇಲೆ ಶೀಟು ಹೊದಿಸಿದ ಇನ್ನೊಂದು ರೂಮು.

"ಇನ್ನ್ ಮೇಲೆ ಚಿಪ್ಪಿಗೆ ಕರೆಂಟನ್ನ ಮೇಲಿನಿಂದ ಕೊಡಲ್ವಂತೆ ಅಮ್ಮಾ, ಹಿಂದುಗಡೆಯಿಂದ ತರ್ತಾರಂತೆ. ಮೇಲ್ಗಡೆ ವೈರ್‌ಗಳಿಗೆ ಜಾಗ ಸಾಲ್ತಿಲ್ಲ" ಎಂದು ಒಮ್ಮೆ ಹೇಳಿದ್ದೆ.

"ನಮ್ಮನೆ ಮೀಟರ್ ಬೋರ್ಡೂ ಹಿಂದುಗಡೆ ಹಾಕ್ಸಿ ಅಂತ ನಿಮ್ಮಪ್ಪಂಗೆ ಆವತ್ತೇ ಬಡ್ಕೊಂಡೆ. ಕೇಳಿದ್ರಾ?" ಎಂದಳು ಅಮ್ಮ.

ನಮ್ಮ ಲ್ಯಾಬಿನವರು ಈ ಅಂತಸ್ತು ಏರಿಸುವ ಪಂದ್ಯದಲ್ಲಿಲ್ಲ. ನಾವು ನೆಲವನ್ನೇ ಬದಲಾಯಿಸಲು ಹೊರಟವರು. ಸಿಲಿಕಾನ್ ಬಿಲ್ಲೆಯ ಮೇಲೆ ಗ್ಯಾಲಿಯಂ ನೈಟ್ರೈಡ್ ಎಂಬ ಬೇರೊಂದು ಪದಾರ್ಥದ ಪದರ ಬೆಳೆಸಿರುತ್ತಾರೆ; ಅದರಲ್ಲಿ ನಾವು ಟ್ರಾನ್ಸಿಸ್ಟರ್ ಮಾಡುತ್ತೇವೆ. ಹೆಚ್ಚು ವೋಲ್ಟೇಜು ತಡೆದುಕೊಳ್ಳುತ್ತದೆ, ಬೇಗ ಬೇಗ ಆನ್ ಆಫ್ ಆಗುತ್ತದೆ, ಬಿಸಿಯಾಗಿ ಪೋಲಾಗುವುದು ಕಡಿಮೆ. ಈಚೆಗೆ ಫೋನಿನ ಚಾರ್ಜರುಗಳು ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟದಾಗಿದ್ದರೆ ಅದಕ್ಕೆ ಈ ಪದಾರ್ಥವೇ ಕಾರಣ. ನಾಳೆ ಕಾರು, ಆಟೋಗಳನ್ನು ಚಾರ್ಜ್ ಮಾಡುವ ಪೆಟ್ಟಿಗೆಗಳೂ ಹಾಗೆ ಕುಗ್ಗಬೇಕೆಂದು ನಮ್ಮ ಆಸೆ. ಆದರೆ ಇದಕ್ಕೊಂದು ಹುಟ್ಟುಗುಣವಿದೆ. ಇದರಲ್ಲಿ ಕರೆಂಟು ಎಷ್ಟು ಸರಾಗವಾಗಿ ಓಡುತ್ತದೆಂದರೆ ಗೇಟಿಗೆ ಏನೂ ಕೊಡದಿದ್ದರೂ ಓಡುತ್ತಲೇ ಇರುತ್ತದೆ. ಹುಟ್ಟುವಾಗಲೇ ಆನ್. ಎಲ್ಲೋ ಏನೋ ಕೆಟ್ಟು ಗೇಟಿನ ವೋಲ್ಟೇಜು ಹೋದರೆ ಟ್ರಾನ್ಸಿಸ್ಟರು ತಾನಾಗಿ ಮುಚ್ಚಿಕೊಳ್ಳಬೇಕು. ಇದು ಬಾಯಿ ತೆರೆದೇ ಇರುತ್ತದೆ. ಅದನ್ನು ಮುಚ್ಚಿಸುವುದು ನನ್ನ ಗೆಳತಿಯ ಪಾಲಿನ ಕೆಲಸ.

ಅವಳದು ಆರ್.ಟಿ. ನಗರ. ಮನೆಯಲ್ಲಿ ದಖ್ಖನಿ ಉರ್ದು, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಬೆಳಿಗ್ಗೆ ಬಿಳಿ ಅಂಗಿಯ ಜಿಪ್ ಎಳೆಯುವಾಗ ಶುರುವಾದ ಮಾತು ಸಂಜೆ ಅದನ್ನು ಕಳಚುವವರೆಗೂ ನಿಲ್ಲುತ್ತಿರಲಿಲ್ಲ. ನಮ್ಮ ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುವವರು, ಧಾರವಾಡದ ಕಡೆಯವರು. ಯಾರಾದರೂ ಲ್ಯಾಬು ನೋಡಲು ಬಂದರೆ ಅವಳನ್ನು ತೋರಿಸಿ, "ಹುಟ್ಟಿದಾಗಿಂದ ಆನ್ ಇರೋ ಟ್ರಾನ್ಸಿಸ್ಟರ್‌ನ ಹುಟ್ಟಿದಾಗಿಂದ ಆನ್ ಇರೋ ಹುಡುಗಿ ಕೈಯಾಗ ಕೊಟ್ಟೇನ್ರಿ. ಯಾರು ಯಾರ ಬಾಯಿ ಮುಚ್ಚಸ್ತಾರ ನೋಡೂಣು" ಎನ್ನುತ್ತಿದ್ದರು.

"ಟ್ರಾನ್ಸಿಸ್ಟರ್ ಆದ್ರೂ ಮುಚ್ಚುತ್ತೆ ಸರ್. ನನ್ನ ಗೇಟಿಗೆ ನಮ್ಮಮ್ಮಿ ಚಿಕ್ಕ ವಯಸ್ಸಿಂದ ವೋಲ್ಟೇಜ್ ಕೊಟ್ಟು ಕೊಟ್ಟು ಸೋತೋಗಿದಾರೆ" ಎನ್ನುತ್ತಿದ್ದಳು ಅವಳು.

ಅವಳ ನಿಕಾಹ್ ಗೊತ್ತಾಗಿತ್ತು. ಹುಡುಗ ತಣಿಸಂದ್ರದವನು, ಶಾಲೆಯಲ್ಲಿ ಮೇಷ್ಟ್ರು. ಆ ವಾರ ಅವಳು ರಜೆಯಲ್ಲಿರಬೇಕಿತ್ತು. ಆದರೆ ಅವಳ ಹೊಸ ಬಿಲ್ಲೆಗೆ ಒಂದೇ ಒಂದು ಆಸಿಡ್ ಹಂತ ಬಾಕಿ ಇತ್ತು. ಅದು ಮುಗಿದರೆ ನಾನು ಲೋಹದ ಪದರ ಹಾಕಿ, ಅವಳು ಮದುವೆ ಮುಗಿಸಿ ಬರುವಷ್ಟರಲ್ಲಿ ಅಳೆದು ನೋಡಬಹುದಿತ್ತು. "ಅರ್ಧ ದಿನದ ಕೆಲಸ ಕಣೇ, ಮಾಡ್ಬಿಟ್ಟು ಹೋಗ್ತೀನಿ. ಇಲ್ದಿದ್ರೆ ನಿಕಾಹ್‌ನಲ್ಲಿ ಖುಬೂಲ್ ಅನ್ನೋ ಬದ್ಲು ಗ್ಯಾಲಿಯಂ ಅಂದ್ಬಿಡ್ತೀನಿ" ಎಂದು ಬಂದೇಬಿಟ್ಟಳು.

ಬಂದವಳ ಕೈ ನೋಡಿ ಸರ್ ಬಾಗಿಲಲ್ಲೇ ತಡೆದರು. ಹಿಂದಿನ ದಿನ ಅವಳಕ್ಕ ಮೆಹಂದಿ ಹಾಕಿದ್ದಳು. ಅಂಗೈ ತುಂಬ ಬಳ್ಳಿ, ಹೂ; ಹತ್ತೂ ಬೆರಳಿನ ತುದಿ ಮಾತ್ರ ಚಿತ್ತಾರವೇ ಇಲ್ಲದೆ, ಉಗುರು ಸಮೇತ, ಗಾಢವಾಗಿ ಮುಳುಗಿಸಿದಂತೆ ಕಂದು.

"ಏನ್ರೀ ಇದು? ಕ್ಲೀನ್ ರೂಮಿನಾಗ ಕುಂಕುಮ ಬ್ಯಾಡಂದೀನಿ, ನೀವು ಗಿಡಾನ ಅರದು ಬಳಕೊಂಡು ಬಂದೀರಿ?"

"ಸರ್, ಇದು ಬಣ್ಣ ಅಷ್ಟೇ. ಉದುರಲ್ಲ. ಬೇಕಿದ್ರೆ ಉಜ್ಜಿ ನೋಡಿ."

"ಮದುವಿ ಹುಡುಗಿ ಕೈ ನಾ ಯಾಕ ಉಜ್ಜಲಿ? ಸೋಪ್ ಹಚ್ಚಿ ಎರಡ್ ಸಲ ತೊಳೀರಿ, ಒಳಗ ಎರಡು ಗ್ಲೌಸ್ ಹಾಕ್ರಿ, ನಡೀರಿ."

ಅವಳು ಹಾಗೇ ಮಾಡಿದಳು. ಒಳಗೆ ತೆಳುವಾದ ಗ್ಲೌಸ್ ಎರಡು ಜೊತೆ, ಆಸಿಡ್ ಕೆಲಸಕ್ಕೆ ಅದರ ಮೇಲೆ ಮೊಣಕೈವರೆಗೆ ಬರುವ ದಪ್ಪ ಗ್ಲೌಸ್. ಹಾಕುವ ಮೊದಲು ಗ್ಲೌಸನ್ನು ಬಲೂನಿನಂತೆ ಉಬ್ಬಿಸಿ ತೂತಿದೆಯೇ ನೋಡುವುದು ನಮ್ಮ ಪದ್ಧತಿ. ಅದನ್ನೂ ಮಾಡಿದಳು. ತೂತಿರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಎಷ್ಟು ಸಲ ನೆನೆದರೂ ಆ ಗ್ಲೌಸು ಉಬ್ಬಿಕೊಂಡೇ ಇರುತ್ತದೆ.

ಆ ಆಸಿಡ್ ಬಗ್ಗೆ ಎರಡು ಮಾತು ಹೇಳಬೇಕು. ಬಿಲ್ಲೆಯ ಮೇಲಿನ ಗಾಜಿನಂಥ ಪದರವನ್ನು ಕರಗಿಸಲು ಅದು ಬೇಕು. ಜಗತ್ತಿನಲ್ಲಿ ಯಾವ ಚಿಪ್ಪೂ ಅದನ್ನು ದಾಟದೆ ಬರುವುದಿಲ್ಲ. ಗಾಜನ್ನು ತಿನ್ನುವುದರಿಂದ ಅದನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಇಡುತ್ತೇವೆ. ನೋಡಲು ಥೇಟ್ ನೀರು. ಅದಕ್ಕೇ ಲ್ಯಾಬಿನೊಳಗೆ ಯಾವ ದ್ರವವನ್ನೂ ನಾವು ನೀರು ಎಂದು ಕರೆಯುವುದಿಲ್ಲ. ಬೇರೆ ಆಸಿಡ್‌ಗಳು ಚರ್ಮಕ್ಕೆ ತಾಗಿದ ಕೂಡಲೇ ಉರಿದು ಎಚ್ಚರಿಸುತ್ತವೆ. ಇದು, ಅದರಲ್ಲೂ ನಾವು ಬಳಸುವಂತೆ ತೆಳುವಾಗಿದ್ದಾಗ, ಏನೂ ಹೇಳುವುದಿಲ್ಲ. ಸದ್ದಿಲ್ಲದೆ ಒಳಗಿಳಿಯುತ್ತದೆ. ದೇಹದೊಳಗಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಮೂಳೆಯವರೆಗೂ ಹೋಗುತ್ತದೆ. ಹೆಚ್ಚು ಸೇರಿಕೊಂಡರೆ ಹೃದಯದ ಬಡಿತಕ್ಕೇ ಕುತ್ತು. ನೋವು ಕಾಣಿಸುವುದು ಆಮೇಲೆ, ಕೆಲವೊಮ್ಮೆ ಗಂಟೆಗಟ್ಟಲೆ ಆದಮೇಲೆ.

ಅವಳು ಚಿಮಟದಲ್ಲಿ ಬಿಲ್ಲೆಯ ತುಂಡನ್ನು ಹಿಡಿದು ಬಟ್ಟಲಿಗೆ ಇಳಿಸಿದಳು, ಎತ್ತಿದಳು, ತೊಳೆಯುವ ಬಟ್ಟಲಿಗೆ ಹಾಕಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಬಟ್ಟಲಿನ ಅಂಚಿನಲ್ಲಿ ಉಳಿದಿದ್ದ ತೇವವನ್ನು ಒರೆಸುವ ಬಟ್ಟೆಯಿಂದ ಒತ್ತಿ ಒರೆಸಿದಳು. ಮಾಸ್ಕಿನೊಳಗಿನಿಂದಲೇ, ಮದುವೆಗೆ ಗೊತ್ತುಮಾಡಿದ್ದ ಬಿರಿಯಾನಿಯವನ ಕತೆ ಹೇಳುತ್ತಿದ್ದಳು. ನಾನು ನಕ್ಕೆ. ನಕ್ಕಾಗಲೂ ಕಣ್ಣು ಅವಳ ಕೈ ಮೇಲೇ ಇತ್ತು.

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ತುಂಡನ್ನು ಇಟ್ಟು ಬಹಳ ಹೊತ್ತು ನೋಡಿದೆವು. ಪದರ ಅಚ್ಚುಕಟ್ಟಾಗಿ ಹೋಗಿತ್ತು. ಹೊರಗೆ ಬಂದು ಅಂಗಿ ಕಳಚುತ್ತಿದ್ದಾಗ ಅವಳು ಕೈ ಕೊಡವಿಕೊಂಡಳು.

"ಥೂ, ನಮ್ಮಕ್ಕ ಮೆಹಂದಿಗೆ ನೀಲಗಿರಿ ಎಣ್ಣೆ ಸುರ್ದಿದಾಳೆ ಕಣೇ. ಬೆಳಿಗ್ಗೆ ಬೇರೆ, ಬಣ್ಣ ಏರ್ಲಿ ಅಂತ ಇನ್ನೊಂದ್ ಸಲ ಸವರಿ ಕಳ್ಸಿದ್ಲು. ಇನ್ನೂ ಚುರುಚುರು ಅಂತಿದೆ ನೋಡು."

ಮೆಹಂದಿಗೆ ನೀಲಗಿರಿ ಎಣ್ಣೆ ಹಾಕುವುದು, ಅದು ತಣ್ಣಗೆ ಚುರುಗುಟ್ಟುವುದು ನನಗೂ ಗೊತ್ತು. ನಾನು ಶೂ ಕವರ್ ಬಿಚ್ಚುತ್ತ ಹೂಂಗುಟ್ಟಿದೆ. ಆಮೇಲೆ ಯಾಕೆ ಕೇಳಿದೆನೋ ಈಗಲೂ ತಿಳಿಯದು. ಮಾತಿಗೆ ಮಾತು ಅಂತ ಕೇಳಿರಬೇಕು.

"ಎಲ್ಲಾ ಬೆರಳೂನಾ?"

"ಇಲ್ಲ, ಇದೊಂದೇ" ಎಂದು ಬಲಗೈಯ ತೋರುಬೆರಳು ತೋರಿಸಿದಳು.

ಹತ್ತು ಬೆರಳಿಗೂ ಒಂದೇ ಮೆಹಂದಿ, ಒಂದೇ ಎಣ್ಣೆ. ಚುರುಗುಟ್ಟುತ್ತಿದ್ದದ್ದು ಒಂದು.

ಅವಳಿಗೂ ಅದೇ ಕ್ಷಣ ಹೊಳೆಯಿತು. ನಮ್ಮಿಬ್ಬರ ಮುಖ ಒಂದಕ್ಕೊಂದು ಕನ್ನಡಿಯಾಗಿತ್ತು. ಅವಳ ಉಗುರು ನೋಡಿದೆ. ಮದುವೆಗೆಂದು ಬೆಳೆಸಿ, ತುದಿಯನ್ನು ಚೂಪಾಗಿ ತೀಡಿಸಿದ್ದಳು. ವರ್ಷಗಳಿಂದ ಮೊಟಕು ಉಗುರಿನ ಕೈಯನ್ನೇ ಕಂಡಿದ್ದ ಗ್ಲೌಸು, ಆ ದಿನ ಒರೆಸುವಾಗ ಒತ್ತಿದ ಒತ್ತಿಗೆ, ತೆಳು ಗ್ಲೌಸುಗಳೆರಡರ ಸಮೇತ, ಒಳಗಿನಿಂದ ತೂತಾಗಿತ್ತು. ಇದು ಖಚಿತವಾದದ್ದು ಆಮೇಲೆ, ಸರ್ ಅದಕ್ಕೆ ನೀರು ತುಂಬಿ ಎತ್ತಿ ಹಿಡಿದಾಗ. ತೋರುಬೆರಳಿನ ತುದಿಯಿಂದ ದಾರದಂಥ ಒಂದು ಎಳೆ ಇಳಿಯಿತಂತೆ.

ಅವಳನ್ನು ನಲ್ಲಿಗೆ ಎಳೆದುಕೊಂಡು ಹೋದೆ. ನೀರು ಬಿಟ್ಟೆ. ಕೆಂಪು ಪೆಟ್ಟಿಗೆಯಲ್ಲಿ ಇದಕ್ಕೆಂದೇ ಇಟ್ಟಿರುವ ಕ್ಯಾಲ್ಸಿಯಂ ಜೆಲ್ ತಂದು ಬೆರಳಿಗೆ ಉಜ್ಜಿದೆ, ಹೊಸ ಗ್ಲೌಸಿನೊಳಗೆ ಜೆಲ್ ತುಂಬಿ ಅವಳ ಕೈಯನ್ನು ಅದರಲ್ಲಿ ಇಳಿಸಿದೆ. ತರಬೇತಿಯಲ್ಲಿ ಇದನ್ನೆಲ್ಲ ನಗುನಗುತ್ತ ಕಲಿತಿದ್ದೆವು. ಸರ್ ಅಷ್ಟರಲ್ಲಿ ಕಾರು ಬಾಗಿಲಿಗೇ ತಂದಿದ್ದರು. ಅವರ ಕಾಲಿನಲ್ಲಿ ಇನ್ನೂ ಲ್ಯಾಬಿನ ನೀಲಿ ಚಪ್ಪಲಿ.

ರಿಂಗ್ ರೋಡಿನಲ್ಲಿ ಎಂದಿನ ಸಂತೆ. ಹೆಬ್ಬಾಳದ ಕಡೆಗೆ ಲಾರಿಗಳ ಸಾಲು. ಸರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದ ಬೈಕಿನವನು, "ಏನ್ ಗುರು, ಹಾರಿಸ್ಕೊಂಡ್ ಹೋಗ್ತೀಯಾ?" ಎಂದು ಕೂಗಿದ. ಸರ್ ಕಿಟಕಿ ಇಳಿಸಿ, "ಮದುವಿ ಹುಡುಗಿ ಅದಾಳಪ್ಪ, ದಾರಿ ಬಿಡೋ" ಎಂದರು. ಅವನು ಹಿಂದಿನ ಸೀಟಿನಲ್ಲಿ ನಮ್ಮಿಬ್ಬರನ್ನೂ, ಮೆಹಂದಿ ಕೈಯನ್ನೂ, ಸರ್ ಅವರ ನರೆತ ತಲೆಯನ್ನೂ ನೋಡಿ ಏನು ಅರ್ಥ ಮಾಡಿಕೊಂಡನೋ, "ಓಡ್ಸಣ್ಣಾ, ಓಡ್ಸು! ಹಿಂದೆ ಯಾರೂ ಬರ್ತಿಲ್ಲ!" ಎಂದು ಮುಂದೆ ಹೋಗಿ ಲಾರಿಯವನನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಟ್ಟ. ಗೆಳತಿ ನಕ್ಕಳು. ಆಮೇಲೆ ಆಸ್ಪತ್ರೆಯವರೆಗೂ ಒಂದು ಮಾತೂ ಆಡಲಿಲ್ಲ.

ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ನಮ್ಮದೇ ವಯಸ್ಸಿನವರು. ಕೈ ನೋಡಿ ತಡವರಿಸಿದರು.

"ಬಣ್ಣ ಬದಲಾಗಿದೆಯಾ ಅಂತ ನೋಡ್ಬೇಕು ನಾನು. ಈ ಮೆಹಂದಿಯಲ್ಲಿ ಏನ್ ನೋಡ್ಲಿ? ಎಲ್ಲಾ ಬೆರಳೂ ಒಂದೇ ಥರ ಇವೆ."

ನರ್ಸ್ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಎಡಗೈಯ ಬೆರಳಿಗೆ ಸಿಕ್ಕಿಸಿದರು. ಪರದೆಯಲ್ಲಿ ಬರೀ ಗೆರೆ. ಆ ಗಾಢ ಬಣ್ಣ ದಾಟಿ ಬೆಳಕು ಹೋಗಲಿಲ್ಲವೇನೋ. ಇನ್ನೊಂದು ಬೆರಳು, ಮತ್ತೊಂದು. "ಕಾಲು ಕೊಡಿಮ್ಮ" ಎಂದರು. ಕಾಲಿನ ಬೆರಳಿಗೂ ಮೆಹಂದಿ. "ಒಂದಾದ್ರೂ ಬಿಟ್ಟಿದೀರಾ?" ಎಂದು ಕೊನೆಗೆ ಕಿವಿಗೆ ಸಿಕ್ಕಿಸಿದರು. ಎಂದಿನ ನನ್ನ ಗೆಳತಿಯಾಗಿದ್ದರೆ ಇದಕ್ಕೆ ಹತ್ತು ಉತ್ತರ ಕೊಟ್ಟಿರುತ್ತಿದ್ದಳು.

ಡಾಕ್ಟರ್ ಅವಳ ಮುಂದೆ ಕೂತು ನಿಧಾನವಾಗಿ ಹೇಳಿದರು. "ನೋಡಿ, ಕಣ್ಣಿಗೆ ಏನೂ ಕಾಣ್ತಿಲ್ಲ. ಹಾಗಾಗಿ ನಿಮ್ಮ ನೋವೇ ನಮಗೆ ಮೀಟರ್. ನೋವು ಇಳೀತಾ ಇದ್ರೆ ಜೆಲ್ ಕೆಲಸ ಮಾಡ್ತಿದೆ ಅಂತ ಅರ್ಥ. ಇಳೀದಿದ್ರೆ ಆಸಿಡ್ ಇನ್ನೂ ಒಳಗಿದೆ. ಆಗ ಬೆರಳಿಗೇ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡ್ಬೇಕು. ಬೆರಳು ಮರಗಟ್ಟೋ ಔಷಧಿ ಕೊಟ್ರೆ ಈ ಮೀಟರ್ ಕೆಟ್ಟುಹೋಗುತ್ತೆ, ಅದಕ್ಕೇ ಕೊಡಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು. ತಡ ಮಾಡಿದ್ರೆ ಬೆರಳ ತುದಿ ಹೋಗುತ್ತೆ."

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಅವಳ ಅಮ್ಮಿ ಬಂದರು. ಆರ್.ಟಿ. ನಗರದಿಂದ ಆಟೋ ಹಿಡಿದು, ಬುರ್ಖಾದ ತೋಳಿಗೆ ಅಂಟಿದ ಮೈದಾಹಿಟ್ಟಿನೊಂದಿಗೆ. ಮನೆ ತುಂಬ ನೆಂಟರು, ಒಲೆಯ ಮೇಲೆ ಎಣ್ಣೆ, ಎಲ್ಲ ಬಿಟ್ಟು ಬಂದಿದ್ದರು. ಮಗಳ ತಲೆ ಮುಟ್ಟಿ, ಬೆನ್ನು ಮುಟ್ಟಿ, ಗ್ಲೌಸಿನ ಕೈ ಮಾತ್ರ ಮುಟ್ಟಲು ಹೆದರಿದರು.

ಡಾಕ್ಟರ್ ಕೇಳಿದರು, "ಈಗ ಹೇಗಿದೆ?"

"ಕಮ್ಮಿ ಆಗಿದೆ" ಎಂದಳು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. "ಇನ್ನೂ ಕಮ್ಮಿ ಆಗಿದೆ. ಏನಿಲ್ಲ ಈಗ."

ಅಮ್ಮಿ ಕಣ್ಣೊರೆಸಿಕೊಂಡರು. ಸರ್ ಉಸಿರು ಬಿಟ್ಟರು. ಡಾಕ್ಟರ್, ಹಾಗಾದರೆ ಜೆಲ್ ಮುಂದುವರಿಸೋಣ, ಸಂಜೆವರೆಗೆ ನೋಡಿ ಮನೆಗೆ ಕಳಿಸಬಹುದು ಎನ್ನುತ್ತ ಎದ್ದರು. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ. ಅವಳ ಮುಖ ನಗುತ್ತಿತ್ತು. ಎಡಗೈ ಮಂಚದ ಕಬ್ಬಿಣವನ್ನು ಹಿಡಿದುಕೊಂಡಿತ್ತು, ಬಿಟ್ಟಿರಲೇ ಇಲ್ಲ.

ಹೇಳಿದ್ದು ಅಮ್ಮಿ. ಕಣ್ಣೊರೆಸಿದ ಕರ್ಚೀಫು ಕೈಯಲ್ಲೇ ಇತ್ತು. ನನ್ನ ಕಡೆ ತಿರುಗಿ, "ಬೇಟಾ, ಇವಳು ಬಂದಾಗಿಂದ ಎಷ್ಟು ಮಾತಾಡಿದ್ಳು?" ಎಂದು ಕೇಳಿದರು.

"ಜಾಸ್ತಿ ಏನಿಲ್ಲ ಆಂಟಿ."

"ಡಾಕ್ಟ್ರಮ್ಮಾ, ನಿಲ್ಲಿ. ಇವಳು ಟೈಫಾಯ್ಡಲ್ಲಿ ಮಲಗಿದ್ದಾಗ್ಲೂ ಬಾಯಿ ಮುಚ್ಚಿಲ್ಲ. ಹಲ್ಲು ಕೀಳ್ಸಿದಾಗ ರಕ್ತ ಉಗುಳ್ತಾ ಮಾತಾಡಿದಾಳೆ. ಇವಳು ಸುಮ್ನೆ ಕೂತಿದಾಳೆ ಅಂದ್ರೆ ಏನೋ ನುಂಗ್ತಿದಾಳೆ." ಆಮೇಲೆ ಮಗಳ ಗಲ್ಲ ಹಿಡಿದೆತ್ತಿ ದಖ್ಖನಿಯಲ್ಲಿ, ಮೆಲ್ಲಗೆ, "ಸಚ್ಚಿ ಬೋಲ್" ಎಂದರು. ನಿಜ ಹೇಳು.

ಅವಳು ಮಂಚದ ಕಬ್ಬಿಣ ಬಿಟ್ಟು ಅಮ್ಮಿಯ ತೋಳು ಹಿಡಿದಳು. "ನಿಕಾಹ್ ಮುಂದಕ್ಕೆ ಹಾಕ್ತೀರಾ ಅಮ್ಮೀ?"

"ಹಾಕಲ್ಲ. ಒಂಬತ್ತು ಬೆರಳಲ್ಲೂ ನಿಕಾಹ್ ಆಗುತ್ತೆ. ಆದ್ರೆ ನಂಗೆ ಹತ್ತೂ ಬೇಕು. ಬೋಲ್."

"ಉರೀತಿದೆ ಅಮ್ಮೀ. ಒಳಗೆ, ಮೂಳೆ ಒಳಗೆ. ಕಾರಲ್ಲಿದ್ದಾಗಿಂದ. ಜಾಸ್ತಿ ಆಗ್ತಾನೇ ಇದೆ."

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಕೂದಲಿನಷ್ಟು ಸಣ್ಣ ಸೂಜಿಯಲ್ಲಿ ಬೆರಳಿನ ತುದಿಯ ಸುತ್ತ ಕ್ಯಾಲ್ಸಿಯಂ ಚುಚ್ಚಿದರು. ಎದೆಗೆ ವೈರುಗಳನ್ನು ಅಂಟಿಸಿದರು. ಅವಳ ಚೀರಾಟ ಇಡೀ ವಾರ್ಡಿಗೆ ಕೇಳಿಸಿತು. ಕೂಗಿ ಕೂಗಿ ಸುಸ್ತಾದವಳು ತಟ್ಟನೆ ಕೂಗು ನಿಲ್ಲಿಸಿದಳು. ಅಮ್ಮಿ ಅವಳ ಮುಖದತ್ತ ಬಗ್ಗಿದರು.

"ಡಾಕ್ಟ್ರೇ," ಎಂದಳು, "ನಿಮ್ಮ ಮೀಟರ್ ಸೊನ್ನೆಗೆ ಬರ್ತಿದೆ. ಸೂಜಿ ಚುಚ್ಚಿದ ನೋವಿದೆ, ಅದು ಬೇರೆ ನೋವು, ಇದು ಬೇರೆ. ಅದು ಹೋಯ್ತು. ನಿಜವಾಗ್ಲೂ. ಇಷ್ಟ್ ಚಿಕ್ಕ ಸೂಜಿ ಎಲ್ಲಿ ಮಾಡ್ತಾರೆ? ನಮ್ ಲ್ಯಾಬಿಗೆ ಬೇಕಿತ್ತು. ಸರ್, ನೀವ್ಯಾಕೆ ಚಪ್ಪಲಿ ಬದ್ಲಾಯ್ಸಿಲ್ಲ? ಅಮ್ಮೀ, ಒಲೆ ಆರ್ಸಿ ಬಂದ್ಯಾ?"

ಸರ್ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು ಎಂದುಕೊಂಡೆ. ಅಮ್ಮಿ ಅವರಿಗೆ ತಮ್ಮ ಕರ್ಚೀಫು ಕೊಟ್ಟರು.

ಒಂದು ರಾತ್ರಿ ಇರಿಸಿಕೊಂಡು ಮನೆಗೆ ಕಳಿಸಿದರು. ಹೃದಯಕ್ಕೇನೂ ಆಗಿರಲಿಲ್ಲ. ಬೆರಳು ಉಳಿಯುತ್ತದೆ, ಉಗುರಿನ ಮಾತು ಮಾತ್ರ ಈಗಲೇ ಹೇಳಲಾಗದು ಎಂದರು ಡಾಕ್ಟರ್. ಬಿದ್ದುಹೋಗಬಹುದು, ಹೊಸದು ಸರಿಯಾಗಿ ಬರದೆಯೂ ಇರಬಹುದು. ತುದಿಯಲ್ಲಿ ಸ್ಪರ್ಶ ಪೂರ್ತಿ ಮರಳುತ್ತದೆಯೇ ಎಂಬುದನ್ನೂ ಕಾದು ನೋಡಬೇಕು. ಚಿಮಟದಲ್ಲಿ ಕೂದಲೆಳೆಯಂಥದ್ದನ್ನು ಹಿಡಿಯುವವಳಿಗೆ ತೋರುಬೆರಳಿನ ತುದಿಯೇ ಕಸುಬು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ನನಗೆ ಹೇಳಬೇಕಾಗಿಯೂ ಇರಲಿಲ್ಲ.

ನಿಕಾಹ್ ಹೇಳಿದ ದಿನವೇ ನಡೆಯಿತು. ಕೆಂಪು ಜರಿಯ ನಡುವೆ ಬಿಳೀ ಬ್ಯಾಂಡೇಜು ಸುತ್ತಿದ ಒಂದು ಬೆರಳು ಎದ್ದು ನಿಂತಿತ್ತು, ಯಾರಿಗೋ ಏನೋ ತೋರಿಸುತ್ತಿರುವ ಹಾಗೆ. ಕೇಳಿದ ನೆಂಟರಿಗೆಲ್ಲ ಅವಳು ಒಂದೊಂದು ಕತೆ ಹೇಳಿದಳು. ಅಮ್ಮಿಯ ತಂಗಿಯಾದ ಒಬ್ಬ ಖಾಲಾಗೆ ಬಾಗಿಲ ಸಂದಿಗೆ ಸಿಕ್ಕಿಕೊಂಡಿತೆಂದು, ಇನ್ನೊಬ್ಬರಿಗೆ ಪಕ್ಕದ ಮನೆ ಬೆಕ್ಕು ಕಚ್ಚಿತೆಂದು. ಇಬ್ಬರೂ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಜಗಳವಾಡಿದರು. ಗಂಡಿಗೆ ಮಾತ್ರ ನಿಜ ಹೇಳಿದ್ದಳು, ಟ್ರಾನ್ಸಿಸ್ಟರಿನ ಸಮೇತ. ಅವನು ನನ್ನನ್ನು ಹುಡುಕಿಕೊಂಡು ಬಂದು, "ಹುಟ್ಟಿದಾಗ್ಲೇ ಆನ್ ಇರುತ್ತಂತಲ್ಲ ಅದು? ಆಫ್ ಮಾಡೋದು ಹೇಗೆ ಅಂತ ಕೊನೇವರೆಗೂ ಹೇಳ್ಲೇ ಇಲ್ಲ ಇವಳು" ಎಂದ. ಅವನು ಟ್ರಾನ್ಸಿಸ್ಟರಿನ ಬಗ್ಗೆಯೇ ಕೇಳುತ್ತಿದ್ದಾನೆಂದು ತಿಳಿದುಕೊಂಡು, ಗೇಟಿನ ಕೆಳಗಿನ ಪದರವನ್ನು ಬದಲಿಸುವ ವಿಧಾನವನ್ನು ಬಿರಿಯಾನಿ ತಟ್ಟೆ ಹಿಡಿದುಕೊಂಡೇ ವಿವರಿಸಿದೆ. ಪಾಪ, ಪೂರ್ತಿ ಕೇಳಿಸಿಕೊಂಡ.

ಅವಳು ರಜೆಯಲ್ಲಿದ್ದಾಗ ಆ ತುಂಡಿಗೆ ಲೋಹ ಹಾಕಿ ಮುಗಿಸಿದೆ. ದಿನ ಕಳೆದಿದ್ದರಿಂದ ಲೋಹಕ್ಕೆ ಮೊದಲು ಅದನ್ನು ಒಂದು ಕ್ಷಣ ಮತ್ತೆ ಆಸಿಡ್‌ನಲ್ಲಿ ಅದ್ದಬೇಕಾಗಿತ್ತು. ಆ ಬಟ್ಟಲಿನ ಮುಂದೆ ಮತ್ತೆ ನಿಲ್ಲುವುದು ಸುಲಭವಾಗಲಿಲ್ಲ. ಗ್ಲೌಸನ್ನು ಉಬ್ಬಿಸಿದೆ, ಇಳಿಸಿದೆ, ಮತ್ತೆ ಉಬ್ಬಿಸಿದೆ. ಪಕ್ಕದಲ್ಲಿ ನೋಡಲು ನಿಂತ ಸರ್ ಗದರಲಿಲ್ಲ. "ಊದ್ರಿ, ಊದ್ರಿ. ಇವತ್ತ ನಮಗೇನ್ ಗಡಿಬಿಡಿ ಐತಿ?" ಎಂದರು. ಈಗ ಬಾಗಿಲಲ್ಲಿ ಅವರು ಮೊದಲು ನೋಡುವುದು ಹಣೆಯನ್ನಲ್ಲ, ಉಗುರನ್ನು. ಉಗುರು ಕತ್ತರಿಸುವ ಪುಟ್ಟ ಕಟರ್ ಒಂದನ್ನು ದಾರ ಕಟ್ಟಿ ತೂಗುಹಾಕಿದ್ದಾರೆ.

ಅಳತೆ ಯಂತ್ರದ ಸೂಜಿಗಳನ್ನು ಇಳಿಸಿ ಟ್ರಾನ್ಸಿಸ್ಟರ್ ಅಳೆದ ದಿನ ಪರದೆಯಲ್ಲಿ ಗೆರೆ ತಳಕ್ಕೆ ಅಂಟಿಕೊಂಡು ಮಲಗಿತ್ತು. ಗೇಟಿಗೆ ಏನೂ ಕೊಡದಿದ್ದಾಗ ಕರೆಂಟು ಇಲ್ಲ. ಗೇಟಿಗೆ ವೋಲ್ಟೇಜು ಏರಿಸಿದೆ. ಗೆರೆ ಎದ್ದು ನಿಂತಿತು. ಇಳಿಸಿದೆ, ಮಲಗಿತು. ಅವಳಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಕಿರುಚಾಟಕ್ಕೆ ಅವಳ ಅತ್ತೆ ಓಡಿಬಂದು ಏನಾಯಿತೆಂದು ಕೇಳಿದ್ದು ನನಗೂ ಕೇಳಿಸಿತು. "ಆಫ್ ಆಯ್ತು ಅಮ್ಮೀಜಾನ್, ಆಫ್ ಆಯ್ತು!" ಎಂದಳು. ಅವರು ಕರೆಂಟು ಹೋಗಿದೆ ಎಂದುಕೊಂಡು ಫ್ಯಾನ್ ನೋಡಿದರಂತೆ.

ಉಗುರು ಬೀಳಲಿಲ್ಲ. ಮೆಹಂದಿ ಚರ್ಮದಿಂದ ಬೇಗ ಹೋಯಿತು, ಉಗುರಿನಲ್ಲಿ ಉಳಿಯಿತು. ಬುಡದಿಂದ ಹೊಸ ಉಗುರು ಕಂದು ಬಣ್ಣವನ್ನು ಮೇಲಕ್ಕೆ ತಳ್ಳುತ್ತ ಬರತೊಡಗಿತು, ಮೊದಲು ಗುಲಾಬಿ ಬಣ್ಣದ ಒಂದು ಗೆರೆ, ಆಮೇಲೆ ಅರ್ಧಚಂದ್ರ. ಊಟದ ಹೊತ್ತಿನಲ್ಲಿ ನಾನು ಕದ್ದು ನೋಡುವುದನ್ನು ಅವಳು ಕಂಡುಹಿಡಿದು, ಬೆರಳನ್ನು ನನ್ನ ಮೂಗಿನ ಹತ್ತಿರ ತಂದು, "ತಗೋ, ಇನ್ಸ್‌ಪೆಕ್ಷನ್ ಮಾಡು" ಎನ್ನುತ್ತಿದ್ದಳು. ಆದರೆ ತುದಿಯಲ್ಲಿ ಸ್ಪರ್ಶ ಬಂದಿದೆಯೇ ಎಂದು ಕೇಳಿದರೆ ಮಾತು ತಿರುಗಿಸುತ್ತಿದ್ದಳು. ಚಿಮಟವನ್ನು ಎಡಗೈಯಲ್ಲಿ ಹಿಡಿಯಲು 'ಸುಮ್ನೆ' ಅಭ್ಯಾಸ ಮಾಡುತ್ತಿದ್ದಳು.

ಅವರೆಕಾಯಿ ಕಾಲ ಬಂತು. ಮತ್ತಿಕೆರೆಯ ರಸ್ತೆ ಬದಿಯಲ್ಲೆಲ್ಲ ಸೊಗಡಿನ ವಾಸನೆ. ಒಂದು ಭಾನುವಾರ ಅಮ್ಮ ಅವಳನ್ನೂ ಅವಳ ಗಂಡನನ್ನೂ ಊಟಕ್ಕೆ ಕರೆದಳು. ಬಂದವರನ್ನು ಕೂರಿಸಿ ಉಪಚಾರ ಮಾಡುವ ಜಾಯಮಾನ ಅಮ್ಮನದಲ್ಲ. ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆಯನ್ನು ನಮ್ಮ ನಡುವೆ ಇಟ್ಟು, "ಹಿದುಕ್ರಮ್ಮಾ, ಸಾರು ಆಗ್ಬೇಕಲ್ಲ" ಎಂದಳು. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆತ್ತಗೆ ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿಯಬೇಕು, ಬೇಳೆ ಜಾರಿ ಬರಬೇಕು. ಕಡಿಮೆ ಒತ್ತಿದರೆ ಬರುವುದಿಲ್ಲ, ಹೆಚ್ಚು ಒತ್ತಿದರೆ ನುಜ್ಜುಗುಜ್ಜು. ಕಣ್ಣಿಗೆ ಅಲ್ಲಿ ಕೆಲಸವಿಲ್ಲ, ಎಲ್ಲ ಬೆರಳ ತುದಿಯದೇ.

ಅವಳು ಎಡಗೈ ಚಾಚಿದಳು. ನನ್ನನ್ನು ನೋಡಿದಳು. ಎಡಗೈ ಹಿಂದೆ ತೆಗೆದು ಬಲಗೈಯಲ್ಲಿ ಒಂದು ಕಾಳು ತೆಗೆದುಕೊಂಡಳು. ಮೊದಲನೆಯದು ಹಿಟ್ಟಾಯಿತು. ಎರಡನೆಯದೂ. ನಾನು ನನ್ನ ಪಾಲಿನ ಕಾಳು ಹಿದುಕುವುದನ್ನು ಬಿಟ್ಟು, ಲ್ಯಾಬಿನಲ್ಲಿ ನಿಲ್ಲುವ ಹಾಗೆ, ಅವಳ ಕೈಯನ್ನೇ ನೋಡುತ್ತ ಕೂತೆ. ಅವಳು ಮಾತು ನಿಲ್ಲಿಸಿದ್ದಳು. ಕಣ್ಣು ಮುಚ್ಚಿ ಇನ್ನೊಂದು ಕಾಳನ್ನು ಎರಡು ಬೆರಳ ನಡುವೆ ಹೊರಳಿಸಿದಳು, ಅದರ ಸೀಳು ಎಲ್ಲಿದೆ ಎಂದು ಹುಡುಕುವವಳಂತೆ. ಒತ್ತಿದಳು.

ಬೇಳೆ ಟಪ್ಪನೆ ಹಾರಿ ನನ್ನ ಕನ್ನಡಕಕ್ಕೆ ಬಡಿದು ಅವಳ ಗಂಡನ ಟೀ ಲೋಟಕ್ಕೆ ಬಿತ್ತು. ಇಡೀ ಬೇಳೆ, ಒಂದಿಷ್ಟೂ ಮುಕ್ಕಾಗದೆ.

"ಗೊತ್ತಾಯ್ತು ಕಣೇ!" ಎಂದು ಕೂಗಿದಳು. "ಸಿಪ್ಪೆ ಜಾರಿದ್ದು ಗೊತ್ತಾಯ್ತು! ಇಲ್ಲೇ, ತುದೀಲೇ! ತಡಿ, ಇನ್ನೊಂದ್ ನೋಡು." ಆಮೇಲೆ ಗುರಿಯಿಟ್ಟು ಒಂದಾದ ಮೇಲೊಂದು ನನಗೆ ಹೊಡೆಯತೊಡಗಿದಳು, ಮೇಷ್ಟ್ರು ಲೋಟವನ್ನು ಅಂಗೈಯಿಂದ ಮುಚ್ಚಿಕೊಂಡರು, ಅಡುಗೆಮನೆಯಿಂದ ಅಮ್ಮ, "ಬೇಳೆ ಪಾತ್ರೆಗೆ ಹಾಕ್ರೇ, ನನ್ ಮಗಳನ್ನೇನು ಸಾರು ಮಾಡ್ಲಾ?" ಎಂದು ಕೂಗುತ್ತಲೇ ಇದ್ದಳು.